ಆತ್ಮರಕ್ಷಣೆಯ ಪಿಸ್ತೂಲು: ಉದ್ಯಮಿಯ ಆಯ್ಕೆ ಮತ್ತು ಕಾನೂನಿನ ಗೆರೆ

ಆನೇಕಲ್ ತಾಲ್ಲೂಕಿನ ಸರ್ಜಾಪುರವು ಒಂದು ಕಾಲದಲ್ಲಿ ನೇಕಾರರ ಮಗ್ಗಗಳಿಗೆ ಹೆಸರಾದ ಊರು. ಇಂದು ಅದರ ಸುತ್ತಲೂ ಗೋದಾಮುಗಳು, ಯಂತ್ರಭಾಗಗಳ ಘಟಕಗಳು ಹಾಗೂ ಹೊಸ ಬಡಾವಣೆಗಳು ಹರಡಿಕೊಂಡಿವೆ. ದಿನದ ವಹಿವಾಟಿನ ಹಣವನ್ನು ಚೀಲದಲ್ಲಿಟ್ಟುಕೊಂಡು ಅತ್ತಿಬೆಲೆ ರಸ್ತೆಯಲ್ಲಿ ರಾತ್ರಿ ಒಬ್ಬಂಟಿಯಾಗಿ ಮನೆಗೆ ಮರಳುವ ವರ್ತಕನಿಗೆ ಆತ್ಮರಕ್ಷಣೆಗಾಗಿ ಪಿಸ್ತೂಲೊಂದನ್ನು ಹೊಂದುವ ಆಲೋಚನೆ ಬರುವುದು ಅಸಹಜವಲ್ಲ. ಆದರೆ ಈ ಭಾಗದ ಉದ್ಯಮಿಗಳಲ್ಲಿ ಇದರ ಜೊತೆಗೆ ಇನ್ನೊಂದು ಆಲೋಚನೆಯೂ ಹುಟ್ಟುವ ಸಂಭವವಿದೆ. ಮಿಲಿಮೀಟರಿನ ನೂರನೆಯ ಒಂದು ಭಾಗದಷ್ಟು ನಿಖರವಾಗಿ ಲೋಹವನ್ನು ಕಡೆಯಬಲ್ಲ ಯಂತ್ರಗಳು ತಮ್ಮ ಛಾವಣಿಯ ಕೆಳಗೇ ಇರುವಾಗ, ಪಿಸ್ತೂಲಿನ ಒಂದೆರಡು ಭಾಗಗಳನ್ನು ತಮ್ಮ ಕೈಗೆ ಒಪ್ಪುವಂತೆ ಏಕೆ ಮಾಡಿಸಿಕೊಳ್ಳಬಾರದು ಎಂಬುದೇ ಆ ಆಲೋಚನೆ. ಅಪಾಯವಿರುವುದು ಇಲ್ಲಿಯೇ.

ಅಮೆರಿಕದಲ್ಲಿ ಹೀಗೆ ಬೇಕಾದ ಭಾಗಗಳನ್ನು ಆರಿಸಿ ಪಿಸ್ತೂಲು ಕಟ್ಟಿಸಿಕೊಳ್ಳುವುದು ಬಹುಕಾಲದ ರೂಢಿ. ಜಾನ್ ಬ್ರೌನಿಂಗ್ ವಿನ್ಯಾಸಗೊಳಿಸಿ, 1911ರಲ್ಲಿ ಅಲ್ಲಿನ ಸೇನೆ ಅಂಗೀಕರಿಸಿದ .45 ಪಿಸ್ತೂಲಿನ ಸುತ್ತ ಒಂದು ಕುಶಲ ಉದ್ಯಮವೇ ಬೆಳೆದಿದೆ. ಗುರಿಕಂಬಿ, ಕುದುರೆ, ಸುರಕ್ಷಾ ಕೀಲು, ನಳಿಕೆ, ಹಿಡಿ, ಲೇಪನ ಎಲ್ಲವೂ ಅಲ್ಲಿ ಗ್ರಾಹಕನ ಆಯ್ಕೆ. ಆದಾಗ್ಯೂ ಆ ಕ್ಷೇತ್ರದ ಹಿರಿಯ ಬೋಧಕರಲ್ಲಿ ಒಬ್ಬರಾದ, 1976ರಲ್ಲಿ ಅರಿಜೋನಾದಲ್ಲಿ ಗನ್‌ಸೈಟ್ ಎಂಬ ತರಬೇತಿ ಶಾಲೆಯನ್ನು ಸ್ಥಾಪಿಸಿದ ಜೆಫ್ ಕೂಪರ್ ಅವರು ಒತ್ತು ನೀಡಿದ್ದು ಕೆಲವೇ ಅಂಶಗಳಿಗೆ: ಕಣ್ಣಿಗೆ ಸ್ಪಷ್ಟವಾಗಿ ಕಾಣುವ ಗುರಿಕಂಬಿ, ಹದವಾಗಿ ಎಳೆಯಬಹುದಾದ ಕುದುರೆ ಮತ್ತು ಕೈಗಾಗಲಿ ಬಟ್ಟೆಗಾಗಲಿ ತಗುಲದಂತೆ ನಯಗೊಳಿಸಿದ ಅಂಚುಗಳು. ಉಳಿದವುಗಳಲ್ಲಿ ಹೆಚ್ಚಿನವು ಅಲಂಕಾರ. ಮದುವೆಯ ಮಂಟಪಕ್ಕೆ ಮಾಡುವ ವೆಚ್ಚದಂತೆ ಇಲ್ಲಿಯೂ ಅಗತ್ಯಕ್ಕಿಂತ ಆಡಂಬರಕ್ಕೆ ಹೋಗುವ ಹಣವೇ ಅಧಿಕ.

ನಮ್ಮ ದೇಶದಲ್ಲಿ ಪರಿಸ್ಥಿತಿ ಮೂಲತಃ ಭಿನ್ನ. 1959ರ ಆಯುಧ ಅಧಿನಿಯಮದ ವ್ಯಾಖ್ಯೆಯ ಪ್ರಕಾರ 'ಆಯುಧ' ಎಂದರೆ ಸಿದ್ಧಗೊಂಡ ಪಿಸ್ತೂಲು ಮಾತ್ರವಲ್ಲ. ಅದರ ಬಿಡಿಭಾಗಗಳೂ, ಅದನ್ನು ತಯಾರಿಸುವ ಯಂತ್ರಗಳೂ ಆ ಪದದೊಳಗೆ ಸೇರುತ್ತವೆ. ಸದರಿ ಅಧಿನಿಯಮದ 5ನೇ ಪ್ರಕರಣದನ್ವಯ ಬಂದೂಕುಗಳನ್ನು ತಯಾರಿಸಲು, ಮಾರಲು, ಪರಿವರ್ತಿಸಲು, ದುರಸ್ತಿ ಮಾಡಲು ಪ್ರತ್ಯೇಕ ಪರವಾನಗಿ ಬೇಕು. ಪಿಸ್ತೂಲು ಹೊಂದಲು ದೊರೆತ ಪರವಾನಗಿಯು ಅದನ್ನು ತಿದ್ದಲು ದೊರೆತ ಪರವಾನಗಿಯಲ್ಲ. ಈ ವ್ಯತ್ಯಾಸವನ್ನು ವಿದ್ಯಾವಂತರೂ ಗಮನಿಸುವುದಿಲ್ಲ. ಅನುಮತಿಯಿಲ್ಲದೆ ತಯಾರಿಸಿದವರಿಗೆ 2019ರ ತಿದ್ದುಪಡಿಯ ನಂತರ ಕನಿಷ್ಠ 7 ವರ್ಷಗಳಿಂದ ಜೀವಾವಧಿಯವರೆಗೆ ಕಾರಾಗೃಹವಾಸ ವಿಧಿಸಬಹುದಾಗಿದೆ. ಕೊಡಗಿನ ಕೊಡವ ಜನಾಂಗಕ್ಕೂ ಜಮ್ಮಾ ಹಿಡುವಳಿದಾರರಿಗೂ ಇರುವ ವಿನಾಯಿತಿಯನ್ನು ಕೆಲವರು ಇಲ್ಲಿ ಉದಾಹರಿಸುವುದುಂಟು. ಆ ವಿನಾಯಿತಿ ಹೊಂದುವುದಕ್ಕೆ ಸಂಬಂಧಿಸಿದ್ದೇ ಹೊರತು ತಯಾರಿಕೆಗೆ ಸಂಬಂಧಿಸಿದ್ದಲ್ಲ. ಸರ್ಜಾಪುರದ ವರ್ತಕನಿಗಂತೂ ಅನ್ವಯಿಸುವುದೇ ಇಲ್ಲ.

ಆದುದರಿಂದ ಜಾಬ್‌ವರ್ಕ್ ನಡೆಸುವ ಸಣ್ಣ ಘಟಕಗಳ ಮಾಲೀಕರು ವಿಶೇಷ ಎಚ್ಚರ ವಹಿಸಬೇಕು. ಪರಿಚಿತರೊಬ್ಬರು ನಕಾಶೆಯೊಂದನ್ನು ತಂದು, 'ನಾಲ್ಕೇ ನಾಲ್ಕು ತುಂಡು, ನಗದು ಕೊಡುತ್ತೇನೆ' ಎನ್ನಬಹುದು. ನಕಾಶೆಯ ಮೇಲೆ ಯಾವುದೋ ವಾಹನದ ಬಿಡಿಭಾಗವೆಂದು ಬರೆದಿರಬಹುದು. ಭಾಗದ ಅಂತಿಮ ಉಪಯೋಗವೇನು, ಆದೇಶ ನೀಡಿದವರು ಯಾರು, ಕಚ್ಚಾವಸ್ತು ಎಲ್ಲಿಂದ ಬಂತು ಎಂಬುದಕ್ಕೆ ಲಿಖಿತ ದಾಖಲೆಯಿಲ್ಲದ ಕೆಲಸವನ್ನು ಯಂತ್ರಕ್ಕೆ ಏರಿಸಲೇಬಾರದು. ತನಿಖೆಯೆಂದು ಬಂದಾಗ ಖರೀದಿ ಆದೇಶ, ಚಲನ್ ಮತ್ತು ಬಿಲ್ಲುಗಳೇ ಮಾಲೀಕನ ಸಾಕ್ಷಿ. ನಾಲ್ಕು ತುಂಡಿನ ಕೂಲಿಗಾಗಿ ನಲವತ್ತು ಕಾರ್ಮಿಕರ ಘಟಕದ ಬಾಗಿಲಿಗೆ ಮೊಹರು ಬೀಳುವುದು ಯಾವ ಲೆಕ್ಕದಿಂದ ನೋಡಿದರೂ ಲಾಭದ ವ್ಯವಹಾರವಲ್ಲ.

ಹಾಗೆಂದು ಈ ಕ್ಷೇತ್ರದ ಬಾಗಿಲು ಖಾಸಗಿಯವರಿಗೆ ಸಂಪೂರ್ಣ ಮುಚ್ಚಿದೆ ಎಂದಲ್ಲ. ರಕ್ಷಣಾ ತಯಾರಿಕೆಯು 2001ರಲ್ಲಿ ಖಾಸಗಿಯವರಿಗೆ ತೆರೆಯಿತು. 2016ರ ಆಯುಧ ನಿಯಮಗಳು ತಯಾರಿಕಾ ಪರವಾನಗಿಯ ವಿಧಿವಿಧಾನವನ್ನು ನಿಗದಿಪಡಿಸಿದವು. ಬೆಂಗಳೂರಿನಲ್ಲಿ ಸ್ಪ್ರಿಂಗ್ ತಯಾರಿಕೆಗೆ ಹೆಸರಾದ ಸ್ಟಂಪ್, ಶೂಲೆ ಅಂಡ್ ಸೋಮಪ್ಪ ಸಮೂಹದಿಂದಲೇ ಎಸ್‌ಎಸ್‌ಎಸ್ ಡಿಫೆನ್ಸ್ ಎಂಬ ಸಂಸ್ಥೆ ಹುಟ್ಟಿ ದೂರಗುರಿಯ ರೈಫಲ್‌ಗಳನ್ನು ತಯಾರಿಸುತ್ತಿದೆ. ಸ್ಪ್ರಿಂಗ್ ಮಾಡುವವರು ಬಂದೂಕಿಗೆ ಕೈ ಹಾಕಿದ್ದರಲ್ಲಿ ಆಶ್ಚರ್ಯಪಡುವಂಥದ್ದು ಕಡಿಮೆ. ಪಿಸ್ತೂಲಿನ ಒಳಗನ್ನು ಬಿಚ್ಚಿ ನೋಡಿದವರಿಗೆ ಅದರ ಅರ್ಧ ವಿದ್ಯೆ ಸ್ಪ್ರಿಂಗಿನಲ್ಲಿದೆ ಎಂಬುದು ತಿಳಿದೀತು. ಆಸಕ್ತಿಯುಳ್ಳ ಘಟಕಗಳು ಪರವಾನಗಿ ಪಡೆದ ಇಂತಹ ತಯಾರಕರ ಮೂಲಕ, ಕಾಗದಪತ್ರಗಳೊಡನೆ, ರಾಜಮಾರ್ಗದಲ್ಲೇ ಪ್ರವೇಶಿಸಬಹುದು.

ಇನ್ನು ಕೊಳ್ಳುವವನ ಆಯ್ಕೆಯ ವಿಚಾರ. ಸಾಮಾನ್ಯ ನಾಗರಿಕರಿಗೆ ವಿದೇಶಿ ಪಿಸ್ತೂಲಿನ ಆಮದು 1980ರ ದಶಕದ ಮಧ್ಯಭಾಗದಿಂದ ನಿಂತುಹೋಗಿದೆ. ಸೇನೆ ಮತ್ತು ಪೊಲೀಸರು ಬಳಸುವ 9 ಮಿ.ಮೀ. ಗಾತ್ರವು ನಾಗರಿಕರಿಗೆ ನಿಷಿದ್ಧ. ಹಾಗಾಗಿ ಆಯ್ಕೆಯು ಬಹುಮಟ್ಟಿಗೆ .32 ಗಾತ್ರದ ಸ್ವದೇಶಿ ಪಿಸ್ತೂಲು ಅಥವಾ ರಿವಾಲ್ವರ್‌ಗೆ ಸೀಮಿತ. ಎರಡಕ್ಕೂ .32 ಎಂದೇ ಹೆಸರಾದರೂ ಅವುಗಳ ತೋಟಾಗಳು ಬೇರೆ ಬೇರೆ. ಒಂದರದು ಇನ್ನೊಂದಕ್ಕೆ ಸಲ್ಲದು. 2014ರಲ್ಲಿ ಕಾನ್ಪುರದ ಸರ್ಕಾರಿ ಕಾರ್ಖಾನೆ ಹೊರತಂದ 'ನಿರ್ಭೀಕ್' ರಿವಾಲ್ವರಿನ ತೂಕ ಸುಮಾರು 500 ಗ್ರಾಂ. ಅಂದಿನ ಬೆಲೆ ಸುಮಾರು 1.22 ಲಕ್ಷ ರೂಪಾಯಿ. ಶಸ್ತ್ರಾಸ್ತ್ರ ಕಾರ್ಖಾನೆಗಳು 2021ರಲ್ಲಿ ನಿಗಮಗಳಾದ ತರುವಾಯ, 2023ರಲ್ಲಿ 'ಪ್ರಬಲ್' ಬಂದಿತು. ಅದರ ತೂಕ ಸುಮಾರು 700 ಗ್ರಾಂ; ತೋಟಾ ತುಂಬಲು ಹೊರಳೆಯನ್ನು ಪಕ್ಕಕ್ಕೆ ಸರಿಸಬಹುದು.

ಪಿಸ್ತೂಲೋ ರಿವಾಲ್ವರೋ ಎಂಬ ಪ್ರಶ್ನೆಗೆ ಉತ್ತರವು ಅಭ್ಯಾಸವನ್ನು ಅವಲಂಬಿಸಿದೆ. ಪಿಸ್ತೂಲು ತೆಳ್ಳಗಿರುವುದರಿಂದ ಉಡುಪಿನೊಳಗೆ ಅಡಗುತ್ತದೆ, ತೋಟಾ ತುಸು ಹೆಚ್ಚು ಹಿಡಿಯುತ್ತದೆ. ಆದರೆ ಸುರಕ್ಷಾ ಕೀಲು, ಮ್ಯಾಗಜೀನ್ ಇತ್ಯಾದಿಗಳನ್ನು ಗಾಬರಿಯ ಗಳಿಗೆಯಲ್ಲೂ ಕೈ ತಾನಾಗಿ ನಿರ್ವಹಿಸುವಂತೆ ಪಳಗಬೇಕು. ರಿವಾಲ್ವರ್ ಸರಳ, ತೋಟಾ ಸಿಡಿಯದಿದ್ದರೆ ಕುದುರೆಯನ್ನು ಮತ್ತೊಮ್ಮೆ ಎಳೆದರಾಯಿತು. ಆದರೆ ಆ ಎಳೆತ ಉದ್ದ ಹಾಗೂ ಬಿಗಿ. ವರ್ಷಕ್ಕೊಮ್ಮೆ ಕಪಾಟಿನಿಂದ ಹೊರತೆಗೆಯುವವರಿಗೆ ರಿವಾಲ್ವರೇ ವಾಸಿ ಎನ್ನಬಹುದು. ವಾಸ್ತವವಾಗಿ ಅಂಥವರಿಗೆ ಎರಡೂ ಬೇಡ. ಕೊಳ್ಳುವ ಮುನ್ನ ಹಿಡಿಯು ಅಂಗೈ ತುಂಬುತ್ತದೆಯೇ, ಬೆರಳು ಕುದುರೆಗೆ ಸಲೀಸಾಗಿ ಎಟಕುತ್ತದೆಯೇ, ಮಂದ ಬೆಳಕಿನಲ್ಲಿ ಗುರಿಕಂಬಿ ಕಾಣುತ್ತದೆಯೇ ಎಂದು ಪರೀಕ್ಷಿಸಬೇಕು. ಐವತ್ತು ದಾಟಿದವರು ಕನ್ನಡಕ ಧರಿಸಿಯೇ ಈ ಪರೀಕ್ಷೆ ನಡೆಸುವುದು ಲೇಸು. ಒಳ್ಳೆಯ ಚರ್ಮದ ಚೀಲಕ್ಕೆ ಮಾಡಿದ ವೆಚ್ಚ ವ್ಯರ್ಥವಲ್ಲ. ಕುದುರೆಯನ್ನು ಪೂರ್ಣ ಮುಚ್ಚದ ಚೀಲವನ್ನು ಬಿಟ್ಟಿ ಕೊಟ್ಟರೂ ಒಲ್ಲೆನ್ನಬೇಕು. ಸ್ಪ್ರಿಂಗ್ ಬದಲಾವಣೆಯಂತಹ ಚಿಕ್ಕ ಕೆಲಸವನ್ನೂ ಪರವಾನಗಿ ಪಡೆದ ದುರಸ್ತಿದಾರರಲ್ಲಿಯೇ ಮಾಡಿಸಿ ರಸೀದಿ ಪಡೆಯತಕ್ಕದ್ದು.

ಸರ್ಜಾಪುರದವರಿಗೆ ಇನ್ನೊಂದು ತೊಡಕುಂಟು. ಬಾಗಲೂರು ರಸ್ತೆಯಲ್ಲಿ ಕೆಲವು ಕಿಲೋಮೀಟರ್ ಸಾಗಿದರೆ ತಮಿಳುನಾಡಿನ ಗಡಿ. ಹೊಸೂರಿನ ಗಿರಾಕಿಯಿಂದ ಬಾಕಿ ವಸೂಲಿಗೆ ಹೋಗುವ ವರ್ತಕನು, ತನ್ನ ಪರವಾನಗಿಯ ಪ್ರಾದೇಶಿಕ ಮಾನ್ಯತೆ ಕರ್ನಾಟಕಕ್ಕೆ ಸೀಮಿತವಾಗಿದ್ದಲ್ಲಿ, ಗಡಿ ದಾಟಿದ ಕ್ಷಣವೇ ಅಪರಾಧಿಯಾಗುತ್ತಾನೆ. ಚುನಾವಣೆಯ ಸಮಯದಲ್ಲಿ ಆಯುಧಗಳನ್ನು ಠಾಣೆಗೆ ಒಪ್ಪಿಸಲು ಸೂಚನೆ ಬರುವುದುಂಟು. ಆ ವಾರಗಳಲ್ಲಿ ಪಿಸ್ತೂಲನ್ನೇ ನಂಬಿದವನಿಗೆ ರಕ್ಷಣೆಯಿಲ್ಲ.

ತೆರಿಗೆಯ ದೃಷ್ಟಿಯಿಂದಲೂ ಇದು ದುಬಾರಿ ಸ್ವತ್ತು. ಪಿಸ್ತೂಲು ಮತ್ತು ರಿವಾಲ್ವರ್‌ಗಳ ಮೇಲಿನ ಸರಕು ಮತ್ತು ಸೇವಾ ತೆರಿಗೆಯು 2025ರ ಸೆಪ್ಟೆಂಬರ್ 22ರಿಂದ ಶೇ. 28ರ ಬದಲು ಶೇ. 40 ಆಗಿದೆ. ಮೂಲಬೆಲೆ 1,20,000 ರೂಪಾಯಿ ಎಂದು ಹಿಡಿದರೆ ತೆರಿಗೆಯೇ 48,000 ರೂಪಾಯಿ. ಪರವಾನಗಿ ವ್ಯಕ್ತಿಯ ಹೆಸರಿನಲ್ಲಿರುವುದರಿಂದ ಹೂಡುವಳಿ ತೆರಿಗೆ ಜಮೆಯನ್ನು ಸಂಸ್ಥೆಯ ಖಾತೆಯಲ್ಲಿ ತೋರಿಸುವುದೂ, ಸವಕಳಿ ಬರೆಯುವುದೂ ಲೆಕ್ಕಪರಿಶೋಧನೆಯಲ್ಲಿ ಆಕ್ಷೇಪಣೆಗೆ ಆಹ್ವಾನವೇ ಸರಿ.

ಪಿಸ್ತೂಲು ಬೇಕೆನಿಸುವುದಕ್ಕೆ ಮೂಲ ಕಾರಣ ಚೀಲದಲ್ಲಿರುವ ನಗದು. ಒಬ್ಬರಿಂದ ಒಂದು ದಿನದಲ್ಲಿ 2 ಲಕ್ಷ ರೂಪಾಯಿ ಅಥವಾ ಅದಕ್ಕೂ ಹೆಚ್ಚು ನಗದು ಪಡೆಯುವುದಕ್ಕೆ 2017ರ ಏಪ್ರಿಲ್ 1ರಿಂದಲೇ ನಿರ್ಬಂಧವಿದೆ. ಸಂಬಳವನ್ನು ಬ್ಯಾಂಕಿನ ಮೂಲಕ ಪಾವತಿಸಿ, ಅನಿವಾರ್ಯ ನಗದನ್ನು ಹಗಲಿನಲ್ಲೇ ಜಮಾ ಮಾಡಿ, ಸಾಗಣೆಯಲ್ಲಿರುವ ಹಣಕ್ಕೆ ವಿಮೆ ಇಳಿಸಿದ ವರ್ತಕನು ತನ್ನ ಅಪಾಯವನ್ನು ಬಹುಪಾಲು ಇಳಿಸಿದಂತೆಯೇ. ವಿಮೆಯ ಕಂತು ವ್ಯಾಪಾರದ ವೆಚ್ಚವಾಗಿ ಸಲ್ಲುತ್ತದೆ; ಪಿಸ್ತೂಲಿನ ಬೆಲೆ ಸಲ್ಲುವುದಿಲ್ಲ.

ಇಷ್ಟಾದರೂ ನಿಜವಾದ ಪ್ರಾಣಭಯವಿರುವವರು ಅರ್ಜಿ ಸಲ್ಲಿಸುವುದು ನ್ಯಾಯವೇ. ಕಮಿಷನರೇಟ್ ವ್ಯಾಪ್ತಿಯಲ್ಲಿ ಪೊಲೀಸ್ ಕಮಿಷನರ್, ಅದರಾಚೆ ಜಿಲ್ಲಾಧಿಕಾರಿ ಪರವಾನಗಿ ಪ್ರಾಧಿಕಾರಿಗಳು. ತನ್ನ ವಾಸಸ್ಥಳ ಯಾವ ವ್ಯಾಪ್ತಿಗೆ ಬರುತ್ತದೆಂದು ಅರ್ಜಿದಾರನು ಮೊದಲು ಖಚಿತಪಡಿಸಿಕೊಳ್ಳಬೇಕು. ಸುರಕ್ಷಾ ತರಬೇತಿಯ ಪ್ರಮಾಣಪತ್ರವನ್ನು 2016ರ ನಿಯಮಗಳು ಕೇಳುತ್ತವೆ. ಅದನ್ನು ಕಾಟಾಚಾರವೆಂದು ಭಾವಿಸಬಾರದು. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ರವರೆಗಿನ ಪ್ರಕರಣಗಳು ಆತ್ಮರಕ್ಷಣೆಯ ಹಕ್ಕನ್ನು ಮಾನ್ಯ ಮಾಡಿದರೂ, ಅಗತ್ಯಕ್ಕಿಂತ ಹೆಚ್ಚು ಹಾನಿಯನ್ನು ಅದು ಸಮರ್ಥಿಸುವುದಿಲ್ಲ. ಓಡಿಹೋಗುತ್ತಿರುವ ಕಳ್ಳನ ಬೆನ್ನಿಗೆ ಗುಂಡು ಹಾರಿಸಿದವನು ನ್ಯಾಯಾಲಯದಲ್ಲಿ ಆ ಅಗತ್ಯವನ್ನು ವಿವರಿಸಬೇಕಾದೀತು. ಪರವಾನಗಿ ದೊರೆತವರು ಪಿಸ್ತೂಲಿನ ಕ್ರಮಸಂಖ್ಯೆ, ಖರೀದಿ ರಸೀದಿ ಹಾಗೂ ಐದು ವರ್ಷದ ನವೀಕರಣದ ದಿನಾಂಕವನ್ನು ಮನೆಯವರಿಗೆ ತಿಳಿಸಿರಬೇಕು. ಪರವಾನಗಿದಾರನು ತೀರಿಕೊಂಡರೆ ಆ ಪಿಸ್ತೂಲನ್ನು ಠಾಣೆಗೋ ಅಧಿಕೃತ ವರ್ತಕರಿಗೋ ಒಪ್ಪಿಸಬೇಕಾದವರು ಅವರೇ.