ದಪ್ಪಗಿರುವ ಮಗುವಿಗೂ ಆಟದ ಹಕ್ಕುಂಟು

ಮಾಸ್ತರಿಕೆಯ ಕಾಲದಲ್ಲಿ ನಾನು ಮಾಡಿದ ಒಂದು ತಪ್ಪನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ನನ್ನ ತರಗತಿಯಲ್ಲಿ ಬಹಳ ದಪ್ಪಗಿದ್ದ ಹುಡುಗನೊಬ್ಬನಿದ್ದ. ಕಬಡ್ಡಿಗೆ ಪಕ್ಷ ಕಟ್ಟುವಾಗ ಯಾರೂ ಅವನನ್ನು ಕರೆಯುತ್ತಿರಲಿಲ್ಲ. ಅವನಿಗೆ ನೋವಾಗದಿರಲೆಂದು ನಾನು ಅಂಕ ಬರೆಯುವ ಪುಸ್ತಕ ಕೊಟ್ಟು ಬದಿಯಲ್ಲಿ ಕೂರಿಸುತ್ತಿದ್ದೆ. ಅದನ್ನೇ ದಯೆಯೆಂದು ತಿಳಿದಿದ್ದೆ. ಎರಡು ವರ್ಷ ಅವನು ಇತರರ ಅಂಕ ಬರೆದ, ತಾನು ಓಡಲಿಲ್ಲ.

ಓಡುವುದು, ಜಿಗಿಯುವುದು, ಒಂಟಿಕಾಲಲ್ಲಿ ನಿಲ್ಲುವುದು, ಚೆಂಡು ಹಿಡಿಯುವುದು ಇವೆಲ್ಲ ವಯಸ್ಸಿನೊಡನೆ ತಾವಾಗಿಯೇ ಬರುತ್ತವೆಂದು ನಾವು ನಂಬಿದ್ದೇವೆ. ಹಾಗಲ್ಲ. ಕಾಗುಣಿತದಂತೆ ಇವನ್ನೂ ತಿದ್ದಿ ತಿದ್ದಿ ಕಲಿಯಬೇಕು. ಮೈಭಾರ ಹೆಚ್ಚಿದ ಮಕ್ಕಳು ಓಟ, ನೆಗೆತ, ಸಮತೋಲಗಳಲ್ಲಿ ಹಿಂದುಳಿಯುತ್ತಾರೆಂದು ಅನೇಕ ದೇಶಗಳ ಸಂಶೋಧಕರು ಕಂಡಿದ್ದಾರೆ. ಬಾರದ ಆಟಕ್ಕೆ ಮಗು ಹಿಂಜರಿಯುತ್ತದೆ, ಆಡದೆ ಕಲಿಯುವುದಿಲ್ಲ, ಕಲಿಯದೆ ಮತ್ತಷ್ಟು ಕೂರುತ್ತದೆ, ಭಾರ ಇನ್ನೂ ಏರುತ್ತದೆ. ಈ ಗಾಣದಿಂದ ಮಗುವನ್ನು ಬಿಡಿಸಬೇಕಾಗಿದ್ದ ನಾನೇ ಅದನ್ನು ಗಾಣಕ್ಕೆ ಕಟ್ಟಿದ್ದೆ.

ಕೊಪ್ಪ, ಶೃಂಗೇರಿ, ನರಸಿಂಹರಾಜಪುರದಂಥ ಊರುಗಳಲ್ಲಿ ಬೊಜ್ಜಿನ ಮಾತೇಕೆ ಎಂದು ನಗಬೇಡಿ. ನಮ್ಮ ಹಿರಿಯರು ಗೊರಬು ಹೊದ್ದು, ಸಂಕ ದಾಟಿ, ಗುಡ್ಡ ಹತ್ತಿ ಶಾಲೆಗೆ ಹೋದರು. ಆ ದಾರಿಯೇ ಅವರ ಗರಡಿ. ಆ ಕಷ್ಟ ಮರಳಲೆಂದು ನಾನು ಕೇಳುತ್ತಿಲ್ಲ. ವಾಹನ ಬಂದದ್ದು ಒಳ್ಳೆಯದೇ. ಆದರೆ ಕಾಲಿನ ಕೆಲಸ ಹೋದ ಮೇಲೆ ಅದರ ಜಾಗಕ್ಕೆ ಏನನ್ನು ತಂದೆವು? ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಯಲೆಲ್ಲ ಕೆಸರು. ಮಗುವಿನ ಮುಂದೆ ಮೊಬೈಲು, ಕೈಯಲ್ಲಿ ಕುರುಕಲಿನ ಪೊಟ್ಟಣ. ಆ ಪೊಟ್ಟಣ ತೋಟದ ಕೂಲಿ ಲೈನಿಗೂ ಮುಟ್ಟಿದೆ. ಹಣ್ಣು ದಿನವೂ ಮುಟ್ಟುವುದಿಲ್ಲ.

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ, ದೇಶದ ಐದು ವರ್ಷದೊಳಗಿನ ಮಕ್ಕಳಲ್ಲಿ ಅತಿತೂಕದವರು 2015-16ರಲ್ಲಿ ನೂರಕ್ಕೆ 2.1 ಇದ್ದದ್ದು 2019-21ರಲ್ಲಿ 3.4 ಆಯಿತು. ಆಗಲೂ ತೂಕ ಸಾಲದವರು ನೂರಕ್ಕೆ 32. ಹಸಿವು ಹೋಗುವ ಮೊದಲೇ ಬೊಜ್ಜು ಬಂದಿದೆ. ಎರಡಕ್ಕೂ ಒಟ್ಟಿಗೇ ಮದ್ದು ಬೇಕು.

5ರಿಂದ 17 ವಯಸ್ಸಿನವರಿಗೆ ದಿನಕ್ಕೆ ಸರಾಸರಿ 60 ನಿಮಿಷ ಮೈಬೆವರುವ ಚಟುವಟಿಕೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿತು. 2009ರ ಶಿಕ್ಷಣ ಹಕ್ಕು ಕಾಯಿದೆ ಪ್ರತಿ ಶಾಲೆಗೂ ಆಟದ ಬಯಲು ಬೇಕೆನ್ನುತ್ತದೆ. ಆದರೆ ವ್ಯಾಯಾಮದ ಬೋಧಕನ ಮಾತು ಬಂದಾಗ, 6ರಿಂದ 8ನೇ ತರಗತಿಗಳಲ್ಲಿ ನೂರಕ್ಕಿಂತ ಹೆಚ್ಚು ಮಕ್ಕಳಿರಬೇಕೆಂಬ ಗೆರೆ ಎಳೆಯುತ್ತದೆ. ಗುಡ್ಡಕ್ಕೊಂದು ಮನೆಯಿರುವ ಮಲೆನಾಡಿನಲ್ಲಿ ನೂರು ಮಕ್ಕಳನ್ನು ಎಲ್ಲಿಂದ ತರೋಣ?

ಆದ್ದರಿಂದ ನಮ್ಮ ಬೇಡಿಕೆ ಸ್ಪಷ್ಟ. ಹತ್ತಿರದ ನಾಲ್ಕೈದು ಸಣ್ಣ ಶಾಲೆಗಳಿಗೆ ಸೇರಿ ಒಬ್ಬ ದೈಹಿಕ ಶಿಕ್ಷಕ ಬೇಕು. ಮಳೆಗಾಲಕ್ಕೆ ಮಾಡು ಹೊದಿಸಿದ ಅಂಗಳ ಬೇಕು.

ಮಾಸ್ತರ ಮಿತ್ರರಲ್ಲಿ ಇನ್ನೊಂದು ವಿನಂತಿ. ಸರ್ಕಾರ ಬರುವವರೆಗೆ ಕಾಯಬೇಡಿ. ಚೆಂಡು ಎಸೆಯುವುದಕ್ಕೆ, ಹಿಡಿಯುವುದಕ್ಕೆ ಮೈಭಾರ ಅಷ್ಟಾಗಿ ಅಡ್ಡಬರುವುದಿಲ್ಲ, ಅಲ್ಲಿಂದ ಆರಂಭಿಸಿ. ಲಗೋರಿಯಲ್ಲಿ ಗುರಿಯಿಡಲಿ, ಧೈರ್ಯ ಬಂದ ಮೇಲೆ ಕುಂಟೆಬಿಲ್ಲೆ ಆಡಲಿ. ಓಟವನ್ನು ಶಿಕ್ಷೆಯಾಗಿ ಕೊಡಕೂಡದು. ಅಡ್ಡಹೆಸರಿಟ್ಟು ನಗಕೂಡದು. ಪಕ್ಷ ಕಟ್ಟುವಾಗ ಕಡೆಗೆ ಉಳಿಯುವ ಮಗುವನ್ನು ಮೊದಲು ಕರೆಯಿರಿ. ಅಂಕದ ಪುಸ್ತಕ ಮಾಸ್ತರರ ಕೈಯಲ್ಲೇ ಇರಲಿ.