ತಕ್ಕಡಿಯ ಮುಂದೆ ನಂಬಿಕೆ

ನಂಬಿಕೆಯ ಮಾತು ಬಂದರೆ ನಾವು ಗುಡಿ, ಮಸೀದಿ, ಚರ್ಚುಗಳ ಕಡೆಗೆ ನೋಡುತ್ತೇವೆ. ಎಣ್ಣೆ ಗಿರಣಿಗಳ ಊರಾದ ಚಳ್ಳಕೆರೆಯಲ್ಲಿ ಶೇಂಗಾ ತೂಗುವ ತಕ್ಕಡಿಯ ಕಡೆಗೂ ನೋಡಬೇಕೆಂಬುದು ನನ್ನ ಅಭಿಪ್ರಾಯ. ಹೀಗೆ ಹೇಳಲು ಕಾರಣನಾದವನು ನನ್ನ ಒಬ್ಬ ಸಹಪಾಠಿ.

ಆತ ಕ್ರೈಸ್ತ, ಮೊಳಕಾಲ್ಮುರಿನ ಕಡೆಯವನು. ಅವನ ತಾಯಿ ಸೀರೆ ಮಗ್ಗದ ಮನೆಯೊಂದರಲ್ಲಿ ರೇಷ್ಮೆಯ ಕಂಡಿಕೆ ಸುತ್ತುತ್ತಾರೆ. ಪರೀಕ್ಷೆಯ ಶುಲ್ಕಕ್ಕೆಂದು ಈತ ಸುಗ್ಗಿಯ ದಿನಗಳಲ್ಲಿ ಒಂದು ಮಂಡಿಯಲ್ಲಿ ಲೆಕ್ಕ ಬರೆಯಲು ಸೇರಿದ. ಮೂರನೆಯ ದಿನ ಯಜಮಾನರು ಚೀಲಕ್ಕೆ ಒಂದು ಕಿಲೋ ಕಡಿಮೆ ಬರೆಯಲು ಹೇಳಿದರು. "ಮಣ್ಣು ಇರ್ತದಪ್ಪಾ, ಎಲ್ಲರೂ ಹಿಡೀತಾರೆ" ಎಂದರಂತೆ. ಈತ ವಾದ ಮಾಡಲಿಲ್ಲ. "ನನ್ನ ಕೈಲಾಗದು ಯಜಮಾನ್ರೇ" ಎಂದ. ಮೂರು ದಿನದ ಕೂಲಿ ಕೊಟ್ಟು ಕಳುಹಿಸಿಬಿಟ್ಟರು.

ಬೈಬಲಿನ ಜ್ಞಾನೋಕ್ತಿಗಳಲ್ಲಿ ಮೋಸದ ತೂಕವನ್ನು ಖಂಡಿಸಿದೆ. ಆದುದರಿಂದ ಅವನ ನಿರ್ಧಾರ ಸುಲಭವಾಗಿತ್ತೆಂದು ಒಬ್ಬ ಗೆಳೆಯ ಹೇಳಿದ. ನನಗೆ ಹಾಗೆ ತೋರುವುದಿಲ್ಲ. ತಂದೆತಾಯಿಗಳನ್ನು ಗೌರವಿಸಬೇಕೆಂಬುದೂ ಅದೇ ಗ್ರಂಥದ ಆಜ್ಞೆಯಷ್ಟೆ? ಬೆರಳು ಸವೆಸಿಕೊಂಡು ದುಡಿಯುವ ತಾಯಿಯ ಭಾರ ಇಳಿಸುವುದು ಗೌರವವಲ್ಲವೆ? ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿರುವ ಅಶೋಕನ ಶಾಸನವೂ ತಂದೆತಾಯಿಗಳ ಸೇವೆಯನ್ನು, ಸತ್ಯ ನುಡಿಯುವುದನ್ನು ಒಟ್ಟಿಗೇ ಹೇಳುತ್ತದೆ. ಎರಡೂ ಎದುರುಬದುರಾದ ದಿನ ಏನು ಮಾಡಬೇಕೆಂದು ಯಾವ ಬಂಡೆಯ ಮೇಲೂ ಕೆತ್ತಿಲ್ಲ. ನಂಬಿಕೆ ನನ್ನ ಗೆಳೆಯನಿಗೆ ಸಿದ್ಧ ಉತ್ತರ ಕೊಡಲಿಲ್ಲ. "ಎಲ್ಲರೂ ಹಿಡೀತಾರೆ" ಎಂಬ ನೆಪವೊಂದನ್ನು ಕಿತ್ತುಕೊಂಡಿತು, ಅಷ್ಟೆ.

ಸುದ್ದಿ ತಿಳಿದವರೆಲ್ಲ ಅವನನ್ನು ಹೊಗಳಿದರು. "ದೇವರು ನೋಡಿಕೊಳ್ಳುತ್ತಾನೆ, ಬಿಡು" ಎಂದರು. ಈ ಮಾತೇ ನನ್ನನ್ನು ಚುಚ್ಚುತ್ತಿದೆ.

ನಮ್ಮ ನಾಡಿನದೇ ಒಂದು ನಿದರ್ಶನ ನೋಡಿ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರು, ಕ್ರೈಸ್ತರಾದವರು ಕಳ್ಳು ಇಳಿಸುವ ಕಸುಬನ್ನು ಬಿಡಬೇಕೆಂದರು. ಬಿಟ್ಟವನಿಗೆ ಕುಲದ ಆಸರೆ ಮೊದಲೇ ತಪ್ಪಿತ್ತು. ಈಗ ಅನ್ನವೂ ತಪ್ಪಿತು. ಬರಿಯ ಬೋಧನೆಯಿಂದ ಹೊಟ್ಟೆ ತುಂಬದೆಂಬುದು ಮಿಷನ್ನಿನವರಿಗೆ ಅರಿವಾಯಿತು. ನೇಯ್ಗೆಯ ಶಾಲೆಗಳು ಹುಟ್ಟಿದವು. 1865ರಲ್ಲಿ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಆರಂಭವಾಯಿತು. ಮಂಗಳೂರು ಹೆಂಚಿನ ಕೀರ್ತಿ ಎಲ್ಲರಿಗೂ ಗೊತ್ತು. ಅದರ ಹಿಂದೆ ಕಸುಬು ಕಳೆದುಕೊಂಡವರ ಈ ಪ್ರಶ್ನೆ ಇತ್ತೆಂಬುದು ಕೆಲವರಿಗೇ ಗೊತ್ತು. ಬೋಧಕನೂ ಧಣಿಯೂ ಒಂದೇ ಸಂಸ್ಥೆಯಾದರೆ ಆಳಿನ ಮನಸ್ಸಾಕ್ಷಿ ಎಷ್ಟು ಸ್ವತಂತ್ರವಾಗಿದ್ದೀತು ಎಂದು ಕೇಳಬಹುದು, ಕೇಳಲೇಬೇಕು. ಆದರೂ "ಬಿಡು" ಎಂದವರು ಬಿಟ್ಟವನ ಮಾರನೆಯ ದಿನದ ಊಟಕ್ಕೆ ಹೊಣೆಯಾದರು. ಆದಿ ಕ್ರೈಸ್ತರು ತಮ್ಮಲ್ಲಿದ್ದುದನ್ನು ಹಂಚಿಕೊಂಡುದರಿಂದ ಅವರಲ್ಲಿ ಕೊರತೆಯುಳ್ಳವರೇ ಇರಲಿಲ್ಲವೆಂದು ಅಪೊಸ್ತಲರ ಕೃತ್ಯಗಳಲ್ಲಿದೆ. ನಂಬಿಕೆಯಂತೆ ನಡೆಯುವುದು ಒಬ್ಬನೇ ಹೊರಬೇಕಾದ ಹೊರೆಯೆಂದು ಆ ಜನ ತಿಳಿದಿರಲಿಲ್ಲ.

ನಾವಾದರೋ ಹೊಗಳಿ ಮನೆಗೆ ಹೋದೆವು. ಗೆಳೆಯನ ತಾಯಿ ಮಗ್ಗದ ಮನೆಯಲ್ಲಿ ಮುಂಗಡ ಪಡೆದು ಹಣ ಕೊಟ್ಟರು. ಗಡುವು ಮೀರಿದ್ದರಿಂದ ಆತ ದಂಡ ಸಹಿತ ಶುಲ್ಕ ಕಟ್ಟಿದ. ಆ ಸಾಲಿನಲ್ಲಿ ಅವನ ಹಿಂದೆಯೇ ನಾನೂ ನಿಂತಿದ್ದೆ. ಜೇಬಿನಲ್ಲಿ ಹಣವಿತ್ತು.