ಉಗುರಿನ ಬಣ್ಣ: ಹಚ್ಚುವ ಕಲೆ, ತೆಗೆಯುವ ವಿವೇಕ

ಅಲಂಕಾರಪ್ರಿಯತೆ ಮಾನವನ ಸಹಜ ಗುಣಗಳಲ್ಲೊಂದು. ವಾತ್ಸ್ಯಾಯನನು ಎಣಿಸಿದ ಅರುವತ್ತನಾಲ್ಕು ಕಲೆಗಳಲ್ಲಿ ಹಲ್ಲು, ವಸ್ತ್ರ ಹಾಗೂ ಅಂಗಾಂಗಗಳಿಗೆ ಬಣ್ಣವೇರಿಸುವುದೂ ಸೇರಿದೆ. ಪಾದಗಳಿಗೆ ಅಲತಿಗೆ ಹಚ್ಚಿಕೊಂಡ ಸ್ತ್ರೀಯರು ಪ್ರಾಚೀನ ಕಾವ್ಯಗಳಲ್ಲಿ ಕಾಣಸಿಗುತ್ತಾರೆ. ಹಬ್ಬ-ಮದುವೆಗಳಲ್ಲಿ ಮದರಂಗಿಯಿಂದ ಕೆಂಪೇರಿದ ಬೆರಳ ತುದಿಗಳನ್ನು ಕಾಣದ ಕನ್ನಡ ಮನೆಯಿಲ್ಲ. ‘ಲ್ಯಾಕರ್’ ಎಂಬ ಇಂಗ್ಲಿಷ್ ಪದವೂ ಸಂಸ್ಕೃತದ ‘ಲಾಕ್ಷಾ’ ಶಬ್ದದ ಸಂತತಿಯೇ. ಚನ್ನಪಟ್ಟಣದ ಬೊಂಬೆಗಳಿಗೆ ಹೊಳಪು ಕೊಡುವ ಅರಗೇ ಆ ಲಾಕ್ಷಾ. ಆದುದರಿಂದ ಉಗುರಿಗೆ ಬಣ್ಣ ಹಚ್ಚುವುದನ್ನು ಕೇವಲ ಪಾಶ್ಚಾತ್ಯರ ಅನುಕರಣವೆಂದು ತಳ್ಳಿಹಾಕುವುದು ನ್ಯಾಯವಾಗಲಾರದು.

ಆದರೂ ಈ ವಿಷಯದಲ್ಲಿ ಮನೆಮನೆಗಳಲ್ಲಿ ಕಲಹ ತಪ್ಪಿದ್ದಲ್ಲ. ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದ್, ದೆಹಲಿಗಳ ಕನ್ನಡ ಕುಟುಂಬಗಳಲ್ಲಿ ರಾಜ್ಯೋತ್ಸವವೋ ಸಂಘದ ವಾರ್ಷಿಕೋತ್ಸವವೋ ಸಮೀಪಿಸಿತೆಂದರೆ, ಹೆಣ್ಣುಮಕ್ಕಳು ಪುಟ್ಟ ಸೀಸೆಗಳನ್ನು ಹರಡಿಕೊಂಡು ಕುಳಿತುಬಿಡುತ್ತಾರೆ. ಒಂದು ಉಗುರಿಗೆ ಹಳದಿ, ಮತ್ತೊಂದಕ್ಕೆ ಕೆಂಪು. ಅದರ ಮೇಲೆ ಮಿನುಗುಪುಡಿ. ಹೆಬ್ಬೆರಳಿಗೆ ನೀರಿನಲ್ಲಿ ನೆನೆಸಿ ಅಂಟಿಸುವ ಹೂವಿನ ಚಿತ್ರ. ಹಿರಿಯರು ಇದನ್ನು ಚೆಲ್ಲಾಟವೆನ್ನುತ್ತಾರೆ; ಕಿರಿಯರು ಪೇಟೆಯಲ್ಲಿ ಬಂದ ಹೊಸದನ್ನೆಲ್ಲ ತಂದು ಪ್ರಯೋಗಿಸುತ್ತಾರೆ. ಈ ಎರಡು ಪಕ್ಷಗಳೂ ಮರೆತಿರುವುದು ಉಗುರನ್ನು. ಬಣ್ಣ ಹಚ್ಚುವುದರಿಂದ ಆಗುವ ಕೇಡು ಅತ್ಯಲ್ಪ. ಅದನ್ನು ಅವಸರದಿಂದ ಕಿತ್ತು ತೆಗೆಯುವುದರಿಂದ, ಹಾಗೂ ಬಣ್ಣದ ಹೆಸರಿನಲ್ಲಿ ಮನೆಯೊಳಗೆ ಬರುತ್ತಿರುವ ಬೇರೊಂದು ಜಾತಿಯ ವಸ್ತುಗಳಿಂದ ಆಗುವ ಕೇಡೇ ಹೆಚ್ಚಿನದು.

ಉಗುರೆಂದರೇನು?

ಉಗುರು ಕೂದಲಿನಂತೆ ಕೆರಾಟಿನ್ ಎಂಬ ಗಡುಸಾದ ಪ್ರೋಟೀನಿನಿಂದ ರಚಿತವಾದ ಫಲಕ. ಇದರ ಉತ್ಪತ್ತಿಸ್ಥಾನ ಬುಡದಲ್ಲಿ, ಚರ್ಮದ ಮಡಿಕೆಯ ಅಡಿಯಲ್ಲಿದೆ. ಅಲ್ಲಿ ಹುಟ್ಟಿದ ಫಲಕ ತಿಂಗಳಿಗೆ ಸುಮಾರು 3 ಮಿಲಿಮೀಟರಿನಷ್ಟು ಮುಂದೆ ಸರಿಯುತ್ತದೆ. ಕೈಯುಗುರು ಸಂಪೂರ್ಣ ಹೊಸದಾಗಲು ಸುಮಾರು 6 ತಿಂಗಳು, ಕಾಲಿನ ಹೆಬ್ಬೆರಳಿನ ಉಗುರಿಗೆ ಒಂದು ವರ್ಷಕ್ಕೂ ಹೆಚ್ಚು ಕಾಲ ಬೇಕು. ಇಂದು ಕೆರೆದು ಹಾಳುಮಾಡಿದ ಉಗುರು ಆರು ತಿಂಗಳ ಪರ್ಯಂತ ಆ ಗುರುತನ್ನು ಹೊತ್ತೇ ಇರುತ್ತದೆ ಎಂಬುದು ಇದರಿಂದ ಸ್ಪಷ್ಟ.

ಬುಡದಲ್ಲಿ ಫಲಕಕ್ಕೂ ಚರ್ಮಕ್ಕೂ ನಡುವೆ ಕಾಣುವ ತೆಳುಪೊರೆಯನ್ನು ಅಂದಕ್ಕೆಂದು ಕತ್ತರಿಸಿ ತೆಗೆಯುವ ಅಭ್ಯಾಸ ವ್ಯಾಪಕವಾಗಿದೆ. ಈ ಪೊರೆ ಅನವಶ್ಯಕ ವಸ್ತುವಲ್ಲ. ನೀರು, ಸಾಬೂನು, ಸೂಕ್ಷ್ಮಜೀವಿಗಳು ಒಳಸೇರದಂತೆ ಕಾಯುವ ಮುದ್ರೆಯದು. ಅದನ್ನು ಕತ್ತರಿಸಿಕೊಂಡು ಪಾತ್ರೆ ತೊಳೆಯುವ, ಬಟ್ಟೆ ಒಗೆಯುವ ಕೈಗಳಿಗೆ ಉಗುರುಸುತ್ತು ಬಂದರೆ ಅಚ್ಚರಿಪಡಬೇಕಾದುದಿಲ್ಲ.

ಜನರಲ್ಲಿ ಬೇರೂರಿರುವ ಎರಡು ತಪ್ಪು ತಿಳಿವಳಿಕೆಗಳನ್ನೂ ಇಲ್ಲಿ ಪರಿಹರಿಸಬೇಕಾಗಿದೆ. ‘ಬಣ್ಣ ಹಚ್ಚಿದರೆ ಉಗುರು ಉಸಿರುಗಟ್ಟುತ್ತದೆ’ ಎಂಬುದು ಮೊದಲನೆಯದು. ಉಗುರು ಉಸಿರಾಡುವುದಿಲ್ಲ, ಅದನ್ನು ಬೆಳೆಸುವ ಜೀವಕೋಶಗಳಿಗೆ ಆಮ್ಲಜನಕವೂ ಪೋಷಣೆಯೂ ರಕ್ತದಿಂದಲೇ ದೊರೆಯುತ್ತವೆ. ‘ಉಗುರಿನ ಮೇಲಿನ ಬಿಳಿ ಚುಕ್ಕೆಗಳು ಸುಣ್ಣದಂಶದ ಕೊರತೆಯ ಲಕ್ಷಣ’ ಎಂಬುದು ಎರಡನೆಯದು. ಅವು ಬಹುಮಟ್ಟಿಗೆ ಬುಡಕ್ಕೆ ತಗುಲಿದ ಸಣ್ಣಪುಟ್ಟ ಪೆಟ್ಟುಗಳ ಗುರುತುಗಳು. ವಾರಗಟ್ಟಲೆ ಬಿಟ್ಟ ಬಣ್ಣವನ್ನು ಕೆರೆದು ತೆಗೆದಾಗ ಫಲಕದ ಮೇಲ್ಪದರವೇ ಎದ್ದು ಬಿಳಿಯ ಒರಟು ಕಲೆಗಳು ಉಳಿಯುವುದೂ ಉಂಟು.

ಸೀಸೆಯೊಳಗಿನ ಬಣ್ಣ

ಆಧುನಿಕ ಉಗುರುಬಣ್ಣ ಇಪ್ಪತ್ತನೆಯ ಶತಮಾನದ ರಸಾಯನ ವಿಜ್ಞಾನದ ಕೂಸು. ಹತ್ತಿಯಂಥ ನಾರನ್ನು ನೈಟ್ರಿಕ್ ಆಮ್ಲದಿಂದ ಸಂಸ್ಕರಿಸಿ ಪಡೆದ ನೈಟ್ರೋಸೆಲ್ಯುಲೋಸನ್ನು, ಬೇಗನೆ ಆರುವ ದ್ರಾವಕಗಳಲ್ಲಿ ಕರಗಿಸಿ, ಅದಕ್ಕೆ ರಾಳ ಮತ್ತು ವರ್ಣದ್ರವ್ಯಗಳನ್ನು ಸೇರಿಸಿದರೆ ಉಗುರುಬಣ್ಣ ಸಿದ್ಧವಾಗುತ್ತದೆ. ಮೋಟಾರುಗಾಡಿಗಳ ಬಣ್ಣಕ್ಕೂ ಒಂದು ಕಾಲದಲ್ಲಿ ಇದೇ ಮೂಲವಸ್ತುವಾಗಿತ್ತು. ಅಮೆರಿಕದಲ್ಲಿ ರೆವ್ಲಾನ್ ಸಂಸ್ಥೆ 1932ರಲ್ಲಿ ಉಗುರುಬಣ್ಣದ ವ್ಯಾಪಾರದಿಂದಲೇ ಆರಂಭವಾಯಿತು. ಭಾರತದಲ್ಲಿ ಟಾಟಾ ಸಮೂಹವು 1952ರಲ್ಲಿ ಮುಂಬಯಿಯಲ್ಲಿ ಲ್ಯಾಕ್ಮೆ ಸಂಸ್ಥೆಯನ್ನು ಸ್ಥಾಪಿಸಿದ ಬಳಿಕ ದೇಶೀಯ ಪ್ರಸಾಧನಗಳು ಮಧ್ಯಮ ವರ್ಗದ ಕೈಗೆಟುಕತೊಡಗಿದವು. ಲ್ಯಾಕ್ಮೆ ಎಂಬುದು ಲಕ್ಷ್ಮಿಯ ಹೆಸರಿನ ಫ್ರೆಂಚ್ ರೂಪವೆಂಬುದು ಅನೇಕರಿಗೆ ತಿಳಿದ ಸಂಗತಿ.

ಈ ಸಾದಾ ಬಣ್ಣವನ್ನು ಆಧಾರವಾಗಿಟ್ಟುಕೊಂಡು ಮನೆಯಲ್ಲಿ ನಡೆಯುವ ಆಟಗಳು ಮುಖ್ಯವಾಗಿ ಮೂರು.

ಮೊದಲನೆಯದು ಗ್ಲಿಟರ್ ಎಂಬ ಮಿನುಗುಪುಡಿ. ತೆಳ್ಳನೆಯ ಪ್ಲಾಸ್ಟಿಕ್ ಹಾಳೆಗೆ ಅಲ್ಯೂಮಿನಿಯಮ್ಮಿನ ಲೇಪ ಕೊಟ್ಟು ಷಟ್ಕೋನಾಕಾರದ ಸೂಕ್ಷ್ಮ ಚೂರುಗಳಾಗಿ ಕತ್ತರಿಸಿದ ವಸ್ತುವಿದು. ಕರಕುಶಲ ಕೆಲಸಕ್ಕೆಂದು ಮಾರುವ ಅಗ್ಗದ ಪುಡಿಯನ್ನು ಉಗುರಿಗೆ ಬಳಸಬಾರದು. ಅದರ ಬಣ್ಣ ದ್ರಾವಕದಲ್ಲಿ ಬಿಟ್ಟುಕೊಳ್ಳುವ ಸಂಭವವಿದೆ, ಚೂರುಗಳೂ ಒರಟು. ಬಿಡಿ ಪುಡಿ ಗಾಳಿಯಲ್ಲಿ ಹಾರಿ ಕಣ್ಣು ಸೇರಿದರೆ ಹಾನಿ. ಚರಂಡಿ ಸೇರಿದರೆ ಎಂದೂ ಕೊಳೆಯದ ಕಸ. ಈ ಕಾರಣದಿಂದಲೇ ಐರೋಪ್ಯ ಒಕ್ಕೂಟವು 2023ರಲ್ಲಿ ಬಿಡಿ ಪ್ಲಾಸ್ಟಿಕ್ ಮಿನುಗುಪುಡಿಯ ಮಾರಾಟಕ್ಕೆ ತಡೆಯೊಡ್ಡಿತು. ಸೀಸೆಯಲ್ಲೇ ಬೆರೆಸಿ ಮಾರುವ ಮಿನುಗುಬಣ್ಣವನ್ನು ಆಯ್ದುಕೊಳ್ಳುವುದು ಮೇಲು.

ಎರಡನೆಯದು ಬಿರುಕುಬಣ್ಣ. 2011ರ ಸುಮಾರಿಗೆ ಜಗತ್ತಿನಾದ್ಯಂತ ಹಬ್ಬಿದ ಈ ಷೋಕಿಯ ಗುಟ್ಟು ಸರಳವಾದುದು. ತಳದ ಬಣ್ಣ ಸಂಪೂರ್ಣವಾಗಿ ಒಣಗಿದ ಮೇಲೆ ಬಿರುಕುಬಣ್ಣವನ್ನು ಒಂದೇ ಸಲ ಎಳೆಯಬೇಕು. ಅದರ ದ್ರಾವಕ ಅತಿ ಶೀಘ್ರವಾಗಿ ಆರಿಹೋಗಿ ಪದರವು ಸಂಕುಚಿಸುತ್ತದೆ. ಬಾಗುವ, ಹಿಗ್ಗುವ ಗುಣ ಅದಕ್ಕೆ ಕಡಮೆಯಾದುದರಿಂದ ಸೀಳಿ, ಸಂದುಗಳಲ್ಲಿ ತಳದ ಬಣ್ಣ ಇಣುಕುತ್ತದೆ. ಬೇಸಗೆಯಲ್ಲಿ ಬತ್ತಿದ ಕೆರೆಯಂಗಳ ಬಿರಿಯುವುದೂ ಇದೇ ನಿಯಮದಿಂದ. ಕೆಸರು ದಪ್ಪವಿದ್ದಲ್ಲಿ ದೊಡ್ಡ ಹೆಂಟೆಗಳು, ತೆಳುವಿದ್ದಲ್ಲಿ ಸಣ್ಣ ಬಿಲ್ಲೆಗಳು. ಉಗುರಿನ ಮೇಲೂ ಹಾಗೆಯೇ. ಒಮ್ಮೆ ಎಳೆದುದರ ಮೇಲೆ ಮತ್ತೊಮ್ಮೆ ಕುಂಚವಾಡಿಸಿದರೆ ಬಿರುಕು ಮೂಡದು. ಕೊನೆಗೆ ಬಣ್ಣರಹಿತ ಲೇಪವೊಂದನ್ನು ಕೊಡದಿದ್ದರೆ ಅಂಚುಗಳು ಬೇಗನೆ ಚಕ್ಕೆಯೇಳುತ್ತವೆ.

ಮೂರನೆಯದು ಡಿಕಾಲ್ ಎಂಬ ಅಂಟುಚಿತ್ರ. ಕಾಗದವನ್ನು ಅರ್ಧ ನಿಮಿಷದಷ್ಟು ಕಾಲ ನೀರಿನಲ್ಲಿ ನೆನೆಸಿದರೆ ಚಿತ್ರದ ತೆಳುಪೊರೆ ಜಾರುತ್ತದೆ. ಅದನ್ನು ಒಣಗಿದ ಬಣ್ಣದ ಮೇಲೆ ಕೂರಿಸಿ, ನೀರನ್ನು ಒತ್ತಿ ತೆಗೆದು, ಮೇಲೆ ಬಣ್ಣರಹಿತ ಲೇಪ ಕೊಟ್ಟರೆ ಮುಗಿಯಿತು. ಬರಿಯ ಉಗುರಿನ ಮೇಲೆ ಬಲವಾದ ಅಂಟಿನಿಂದ ಮೆತ್ತುವ ಕೃತಕ ಉಗುರುಗಳಿಗೂ ಇದಕ್ಕೂ ಅಜಗಜಾಂತರವಿದೆ.

ಈ ಮೂರೂ ಆಟಗಳು ತಾಳ್ಮೆಯನ್ನೂ ಕೈಯ ಹಿಡಿತವನ್ನೂ ಬಣ್ಣಗಳ ಮೇಳವನ್ನೂ ಕಲಿಸುವಂಥವು. ರಂಗೋಲಿಯನ್ನು ಮೆಚ್ಚುವ ಮನೆ ಇದನ್ನು ಹಳಿಯಬೇಕಾದ ಕಾರಣವಿಲ್ಲ. ನಗರದ ಎರಡು ಕೋಣೆಯ ಮನೆಯಲ್ಲಿ, ಅಂಗಳವೇ ಇಲ್ಲದ ನಾಲ್ಕನೆಯ ಮಹಡಿಯಲ್ಲಿ, ಹತ್ತು ಉಗುರುಗಳೇ ಹುಡುಗಿಯೊಬ್ಬಳ ಅಂಗಳವಾದರೆ ತಪ್ಪೇನು?

ಕೆಡುಕು ಎಲ್ಲಿದೆ?

ತೊಂದರೆ ಆರಂಭವಾಗುವುದು ಹಬ್ಬ ಮುಗಿದ ಮರುದಿನ. ಮಿನುಗುಬಣ್ಣದ ಚೂರುಗಳು ಸುಲಭವಾಗಿ ಬಿಡುವುದಿಲ್ಲ. ಬ್ಲೇಡಿನಿಂದ, ಸೂಜಿಯಿಂದ, ಇನ್ನೊಂದು ಉಗುರಿನಿಂದ, ಕೆಲವೊಮ್ಮೆ ಹಲ್ಲಿನಿಂದಲೇ ಕೆರೆದು ತೆಗೆಯುವವರಿದ್ದಾರೆ. ಉಗುರಿನಿಂದ ಹೋಗುವುದಕ್ಕೆ ಕೊಡಲಿಯೇಕೆ ಎಂಬ ಗಾದೆ ಇಲ್ಲಿ ಅಕ್ಷರಶಃ ಅನ್ವಯಿಸುತ್ತದೆ. ಬಣ್ಣ ತೆಗೆಯುವ ದ್ರವದಲ್ಲಿ ಹತ್ತಿಯನ್ನು ನೆನೆಸಿ, ಉಗುರಿನ ಮೇಲಿರಿಸಿ, ಅಡುಗೆಮನೆಯ ಅಲ್ಯೂಮಿನಿಯಮ್ ಹಾಳೆಯಿಂದ ಸುತ್ತಿ ಐದಾರು ನಿಮಿಷ ಕಾದರೆ, ಒಂದೇ ಎಳೆತಕ್ಕೆ ಎಲ್ಲವೂ ಬಂದುಬಿಡುತ್ತದೆ. ತರುವಾಯ ಕೈ ತೊಳೆದು ಕೊಬ್ಬರಿ ಎಣ್ಣೆ ಸವರಿದರೆ ದ್ರವದಿಂದ ಉಂಟಾದ ಶುಷ್ಕತೆ ಶಮನವಾಗುತ್ತದೆ. ಬಣ್ಣಕ್ಕೆ ಮುಂಚೆ ಬಣ್ಣರಹಿತ ಲೇಪ ಕೊಟ್ಟಿದ್ದರೆ ಕೆಂಪುಬಣ್ಣದಿಂದ ಉಗುರು ಹಳದಿಗಟ್ಟುವುದೂ ತಪ್ಪುತ್ತದೆ.

ಈ ದ್ರವದಲ್ಲಿ ಸಾಮಾನ್ಯವಾಗಿ ಇರುವ ಅಸಿಟೋನು ಅತಿ ಶೀಘ್ರವಾಗಿ ಹೊತ್ತಿಕೊಳ್ಳುವ ಪದಾರ್ಥ. ಅಡುಗೆಮನೆ ಮತ್ತು ಕೂಡುಕೋಣೆಗಳ ಮಧ್ಯೆ ಗೋಡೆಯೇ ಇಲ್ಲದ ಪುಟ್ಟ ಮನೆಗಳಲ್ಲಿ ಗ್ಯಾಸಿನ ಒಲೆ, ದೇವರ ದೀಪ, ಊದುಬತ್ತಿಗಳ ಬಳಿ ಈ ಸೀಸೆಯನ್ನು ತೆರೆಯುವುದು ಅಪಾಯಕರ. ಕಿಟಕಿಯ ಪಕ್ಕ ಕುಳಿತು, ಕೆಲಸ ತೀರಿದೊಡನೆ ಮುಚ್ಚಳ ಬಿಗಿದು, ಎಳೆಯ ಮಕ್ಕಳ ಕೈಗೆ ಸಿಗದಂತೆ ಇರಿಸಬೇಕು. ಉಗುರು ಕಚ್ಚುವ ಚಟವಿರುವ ಮಕ್ಕಳಿಗೆ ಬಣ್ಣವಾಗಲಿ ಮಿನುಗುಪುಡಿಯಾಗಲಿ ಸಲ್ಲದು.

ಕೆಲವರಿಗೆ ಉಗುರುಬಣ್ಣದ ರಾಳ ಒಗ್ಗುವುದಿಲ್ಲ. ವಿಚಿತ್ರವೆಂದರೆ, ಆಗ ತುರಿಕೆ ಕಾಣಿಸಿಕೊಳ್ಳುವುದು ಅನೇಕ ವೇಳೆ ಬೆರಳಿನಲ್ಲಲ್ಲ. ಬೆರಳು ಮುಟ್ಟುವ ಕಣ್ಣರೆಪ್ಪೆ ಮತ್ತು ಕುತ್ತಿಗೆಗಳಲ್ಲಿ. ಕಾರಣ ತಿಳಿಯದೆ ಮುಖಕ್ಕೆ ಮುಲಾಮುಗಳನ್ನು ಬದಲಾಯಿಸುತ್ತ ತಿಂಗಳುಗಳನ್ನು ಕಳೆಯುವವರು ಒಮ್ಮೆ ಉಗುರುಗಳತ್ತ ನೋಡಿಕೊಳ್ಳುವುದು ಒಳಿತು.

ದೀಪದಡಿ ಗಟ್ಟಿಯಾಗುವ ಬಣ್ಣ

ಮೇಲಿನವೆಲ್ಲ ವಿವೇಕದಿಂದ ನಿವಾರಿಸಬಹುದಾದ ತೊಡಕುಗಳು. ನಿಜವಾಗಿ ಆತಂಕಪಡಬೇಕಾದುದು ‘ಜೆಲ್’ ಎಂಬ ಹೆಸರಿನಲ್ಲಿ, ಪುಟ್ಟ ನೇರಳಾತೀತ ದೀಪದ ಸಹಿತ ಪೆಟ್ಟಿಗೆಯಾಗಿ ಮನೆಬಾಗಿಲಿಗೆ ಬರುತ್ತಿರುವ ಸಾಮಗ್ರಿಯ ವಿಷಯದಲ್ಲಿ. ಸಾದಾ ಬಣ್ಣ ಒಣಗುತ್ತದೆ; ಜೆಲ್ ಒಣಗುವುದಿಲ್ಲ, ದೀಪದ ಕಿರಣಗಳಿಂದ ರಾಸಾಯನಿಕ ಕ್ರಿಯೆ ನಡೆದು ಗಟ್ಟಿಯಾಗುತ್ತದೆ. ಅದರಲ್ಲಿರುವ ಮೆಥಾಕ್ರಿಲೇಟ್ ವರ್ಗದ ವಸ್ತುಗಳು ಗಟ್ಟಿಯಾಗುವ ಮುನ್ನ ಚರ್ಮಕ್ಕೆ ತಗುಲಿದರೆ ಅಲರ್ಜಿಯನ್ನು ಹುಟ್ಟಿಸಬಲ್ಲವು. ಒಂದು ಸಂಸ್ಥೆಯ ಜೆಲ್, ಮತ್ತೊಂದರ ದೀಪ, ಅನುಭವವಿಲ್ಲದ ಕೈ, ಅಂಚಿನಲ್ಲಿ ಚರ್ಮದ ಮೇಲೆ ಹರಿದ ಬಣ್ಣ: ಇವೆಲ್ಲ ಕೂಡುವುದು ಮನೆಯಲ್ಲೇ. ಬ್ರಿಟನ್ನಿನ ಚರ್ಮವೈದ್ಯರ ಸಂಘ 2018ರಲ್ಲಿಯೇ ಈ ಕುರಿತು ಸಾರ್ವಜನಿಕರನ್ನು ಎಚ್ಚರಿಸಿತು. ಜೆಲ್‌ಗಳಲ್ಲಿ ಬಳಕೆಯಲ್ಲಿದ್ದ ಟಿಪಿಓ ಎಂಬ ರಾಸಾಯನಿಕವನ್ನು ಐರೋಪ್ಯ ಒಕ್ಕೂಟ 2025ರ ಸೆಪ್ಟೆಂಬರಿನಿಂದ ನಿಷೇಧಿಸಿದೆ.

ಈ ಅಲರ್ಜಿ ಒಮ್ಮೆ ಬಂದರೆ ಸಾಮಾನ್ಯವಾಗಿ ಜೀವನಪರ್ಯಂತ ಉಳಿಯುತ್ತದೆ. ಇದೇ ವರ್ಗದ ವಸ್ತುಗಳು ಹಲ್ಲಿಗೆ ತುಂಬುವ ಬಿಳಿಯ ಲೇಪದಲ್ಲಿ, ಕೀಲು ಬದಲಾವಣೆಯ ಶಸ್ತ್ರಕ್ರಿಯೆಯ ಮೂಳೆಗಾರೆಯಲ್ಲಿ, ಮಧುಮೇಹಿಗಳು ಮೈಗೆ ಅಂಟಿಸಿಕೊಳ್ಳುವ ಕೆಲವು ಉಪಕರಣಗಳ ಅಂಟಿನಲ್ಲಿಯೂ ಇವೆ. ಹದಿನೈದರ ಹುಡುಗಿ ಒಂದು ಸಂಜೆಯ ವಿನೋದಕ್ಕೆ ತಂದುಕೊಂಡ ತುರಿಕೆ, ಅರುವತ್ತರ ವಯಸ್ಸಿನಲ್ಲಿ ಅವಳ ಮಂಡಿಯ ಚಿಕಿತ್ಸೆಗೆ ತೊಡಕಾಗಬಹುದೆಂದರೆ, ಬೆಲೆ ದುಬಾರಿಯೆಂದೇ ಹೇಳಬೇಕು. ಆದುದರಿಂದ ಮನೆಯ ಆಟಕ್ಕೆ ಸಾದಾ ಬಣ್ಣ, ಮಿನುಗು, ಬಿರುಕು, ಅಂಟುಚಿತ್ರಗಳೇ ಸಾಕು. ದೀಪದ ಪೆಟ್ಟಿಗೆ ಬೇಡ.

ವೈದ್ಯರ ಕನ್ನಡಿ

ಉಗುರು ದೇಹಸ್ಥಿತಿಯನ್ನು ತೋರುವ ಕನ್ನಡಿಯೂ ಹೌದು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಭಾರತದಲ್ಲಿ 15ರಿಂದ 49ರ ವಯಸ್ಸಿನ ಸ್ತ್ರೀಯರಲ್ಲಿ ಶೇಕಡಾ 57ರಷ್ಟು ಜನ ರಕ್ತಹೀನತೆಯುಳ್ಳವರು. ಬಿಳಿಚಿಕೊಂಡ ಉಗುರು, ಚಮಚದಂತೆ ಒಳಬಾಗಿದ ಉಗುರು ಕಬ್ಬಿಣಾಂಶದ ಕೊರತೆಯನ್ನು ಸೂಚಿಸಬಹುದು. ಮೊದಲಿಲ್ಲದ ಕಪ್ಪುಗೆರೆ ಮೂಡಿ ಅಗಲವಾಗುತ್ತ ಬಂದರೆ ವೈದ್ಯರಿಗೆ ತೋರಿಸಲೇಬೇಕು. ವರ್ಷವಿಡೀ ಬಣ್ಣದ ಪರದೆಯ ಹಿಂದಿರುವ ಉಗುರು ಈ ಸುದ್ದಿಯನ್ನು ಯಾರಿಗೆ ತಿಳಿಸೀತು? 2020–21ರ ಕೊರೋನಾ ದಿನಗಳಲ್ಲಿ ಮನೆಮನೆಗೆ ಬಂದ ಆಮ್ಲಜನಕಮಾಪಕವೂ ಗಾಢವರ್ಣದ ಉಗುರಿನ ಮೇಲೆ ತಪ್ಪು ಅಂಕಿ ತೋರಿಸಬಲ್ಲದು. ಒಂದು ಬಣ್ಣ ತೆಗೆದು ಮತ್ತೊಂದು ಹಚ್ಚುವ ನಡುವೆ ನಾಲ್ಕಾರು ದಿನ ಉಗುರನ್ನು ಬರಿದಾಗಿ ಬಿಟ್ಟು ಪರೀಕ್ಷಿಸಿಕೊಳ್ಳುವುದೂ, ಆಸ್ಪತ್ರೆಗೆ ಹೋಗುವಾಗ ಬಣ್ಣ ತೆಗೆದು ಹೋಗುವುದೂ ಉತ್ತಮ ಪದ್ಧತಿ.

ಹಿರಿಯರ ಆಕ್ಷೇಪಣೆಯಲ್ಲಿ ಒಂದಂಶ ಸತ್ಯವಿದೆಯೆಂಬುದನ್ನೂ ಒಪ್ಪಬೇಕು. ಚಕ್ಕೆಯೇಳುತ್ತಿರುವ ಬಣ್ಣದ ಕೈಯಿಂದ ಹಿಟ್ಟು ಕಲಸುವುದು ಶುಚಿಯಲ್ಲ. ರೋಗಿಗಳ ಶುಶ್ರೂಷೆ ಮಾಡುವವರು ಕೃತಕ ಉಗುರುಗಳನ್ನು ಧರಿಸಕೂಡದೆಂದು ವಿಶ್ವ ಆರೋಗ್ಯ ಸಂಸ್ಥೆ 2009ರ ತನ್ನ ಮಾರ್ಗದರ್ಶಿಯಲ್ಲಿ ಸ್ಪಷ್ಟವಾಗಿ ಹೇಳಿದೆ. ಅಡುಗೆ ಹಾಗೂ ಶುಶ್ರೂಷೆಯ ಹೊಣೆಯುಳ್ಳವರು ಕಾಲುಗುರುಗಳ ಮೇಲೆ ತಮ್ಮ ಕಲೆಯನ್ನು ಮೆರೆಯಲು ಅಡ್ಡಿಯೇನೂ ಇಲ್ಲ.

ಕನ್ನಡ ಸಂಘಗಳ ಮಹಿಳಾ ವಿಭಾಗಗಳು ರಂಗೋಲಿ, ಹೂಮಾಲೆ, ಪಾಕಸ್ಪರ್ಧೆಗಳನ್ನು ವರ್ಷಂಪ್ರತಿ ಏರ್ಪಡಿಸುತ್ತವೆ. ಅವುಗಳ ಸಾಲಿಗೆ ಉಗುರು ಚಿತ್ತಾರದ ಸ್ಪರ್ಧೆಯನ್ನೂ ಸೇರಿಸಬಹುದು. ಬಹುಮಾನ ವಿತರಣೆಗೆ ಮುನ್ನ ಸಂಘದ ಸದಸ್ಯರಲ್ಲೇ ಇರುವ ಚರ್ಮವೈದ್ಯರೊಬ್ಬರಿಂದ ಅರ್ಧ ಗಂಟೆ, ಬಣ್ಣವನ್ನು ತೆಗೆಯುವ ಕ್ರಮವನ್ನೂ ಉಗುರನ್ನು ನೋಡಿಕೊಳ್ಳುವ ಕ್ರಮವನ್ನೂ ತೋರಿಸಿಕೊಡಲಿ. ಗದರಿಸಿ ನಿಲ್ಲಿಸಲಾಗದ ಆಟವನ್ನು ತಿಳಿವಳಿಕೆಯಿಂದ ಆಡಲು ಕಲಿಸಿದರೆ, ಹೆಣ್ಣುಮಕ್ಕಳ ಸಂತೋಷವೂ ಉಳಿದೀತು, ಉಗುರೂ ಉಳಿದೀತು.